ಸೀತಾಬಾಯಿ ಹೆಸರಿನ ದೋಣಿ

2021ನೆಯ ಇಸವಿ ಫೆಬ್ರುವರಿ 21, ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷ. ಗೋಕಾಕ ದಾಟಿ ಮೂಡಲಗಿಗೆ ಹೋಗುವ ರಸ್ತೆಯ ಬದಿ, ಹೊಸದಾಗಿ ಬಣ್ಣ ಬಳಿದ ಒಂದು ಗಾರ್ಡನ್ ಹೋಟೆಲಿನ ಮುಂದೆ ನಾನು ಸ್ಕೂಟಿ ನಿಲ್ಲಿಸಿದೆ. ಕಾಂಪೌಂಡಿನ ಒಳಗೆ, ಇಟ್ಟಂಗಿ ಕಟ್ಟೆಯ ಮೇಲೆ, ನಮ್ಮ ದೋಣಿ ಕೂತಿತ್ತು. ಅದರ ತುಂಬ ಪುಡಿ ಮಾಡಿದ ಬರ್ಫ. ಬರ್ಫದ ಮೇಲೆ ಒಂದೇ ಕಡೆ ತಲೆ ಮಾಡಿ ಮಲಗಿಸಿದ ಮೀನುಗಳು.

ಸಮಯ ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಆಗ ಮೊಬೈಲಿನಲ್ಲಿ ಫೋಟೊ ತೆಗೆದೆ. ಫೋಟೊ ಇಲ್ಲದೆ ಹೇಳಿದ್ದರೆ ಅಪ್ಪ ನಂಬುತ್ತಿರಲಿಲ್ಲ.

ದೋಣಿಯ ಮೂತಿಯ ಮೇಲೆ ನೀಲಿ ಅಕ್ಷರದಲ್ಲಿ ಅಜ್ಜಿಯ ಹೆಸರು ಹಾಗೇ ಇತ್ತು: ಸೀತಾಬಾಯಿ. ಅದನ್ನು ಅಳಿಸುವಷ್ಟೂ ವ್ಯವಧಾನ ಹೋಟೆಲಿನವರಿಗೆ ಇರಲಿಲ್ಲ. ಒಳಗಿನಿಂದ ಬಂದ ವೇಟರ್ ಒಬ್ಬ ಇನ್ನೊಬ್ಬನಿಗೆ ಕೂಗಿ ಹೇಳಿದ, "ಸೀತಾಬಾಯ್ಯಾಗಿಂದ ಎರಡ ಬಾಂಗಡಾ ತೆಗಿಯಪಾ, ದೊಡ್ಡವು ನೋಡಿ." ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದವಳು, ಹೊತ್ತು ಮುಳುಗಿದ ಮೇಲೆ ದೀಪಕ್ಕೆ ಹುಳು ಬೀಳುತ್ತವೆಂದು ಊಟವನ್ನೇ ಬಿಟ್ಟವಳು ನನ್ನ ಅಜ್ಜಿ. ಅವಳ ಹೆಸರು ಆ ಬಾಯಿಯಲ್ಲಿ ಆ ಕೆಲಸಕ್ಕೆ ಬಳಕೆಯಾಗುವುದನ್ನು ಕೇಳುತ್ತಲೇ ಮೊಬೈಲ್ ತೆಗೆದೆ. ಮೊದಲ ಫೋಟೊ ಅಲುಗಾಡಿ ಬಂದಿದೆ. ಎರಡನೆಯದು ಸರಿಯಾಗಿದೆ.

ಆದರೆ ನನ್ನ ಸಿಟ್ಟು ಆ ವೇಟರನ ಮೇಲೆ ಇರಲಿಲ್ಲ. ಅದು ನೇರವಾಗಿ ಮೂಡಲಗಿಯ ಪೇಟೆಯಲ್ಲಿರುವ ಒಂದು ಅರಿವೆ ಅಂಗಡಿಯ ಕಡೆಗೆ ಹೊರಟಿತ್ತು. ಆ ಅಂಗಡಿಯ ಮಾಲೀಕ ತಾತ್ಯಾಸಾಹೇಬರು ನನ್ನ ಅಪ್ಪ.

ಅಜ್ಜಿಯ ತವರು ಹುಕ್ಕೇರಿ ತಾಲ್ಲೂಕಿನಲ್ಲಿ, ಹಿಡಕಲ್ ಜಲಾಶಯದ ಆಚೆ ದಂಡೆಯ ಒಂದು ಹಳ್ಳಿ. ಅಣೆಕಟ್ಟು ಬಂದಾಗ ಹಳೆಯ ದಾರಿ ನೀರಿನ ಕೆಳಗೆ ಹೋಯಿತು. ಎದುರಿಗೆ ಕಾಣುವ ಊರಿಗೆ ಹೋಗಬೇಕಾದರೆ ಬಸ್ಸಿನಲ್ಲಿ ದೊಡ್ಡ ಸುತ್ತು. ಅಜ್ಜಿ ತೀರಿಕೊಂಡ ವರ್ಷ ಅಪ್ಪ ಕೊಂಕಣ ಕರಾವಳಿಯ ಮಾಲವಣದಿಂದ ಲಾರಿಯಲ್ಲಿ ಒಂದು ಫೈಬರ್ ದೋಣಿ ತರಿಸಿ, ಅವಳ ಹೆಸರು ಬರೆಸಿ, ಹಿನ್ನೀರಿಗೆ ಇಳಿಸಿದರು. ಸಂತೆಗೆ ಹೋಗುವ ಹೆಂಗಸರು, ಸಾಲೆಯ ಹುಡುಗರು, ಭಾನುವಾರ ನೀರು ನೋಡಲು ಬರುವ ಮಂದಿ ಅದರಲ್ಲಿ ದಾಟುತ್ತಿದ್ದರು. ಹುಟ್ಟು ಹಾಕುತ್ತಿದ್ದವಳು ಕೆಂಪವ್ವ. ಆ ದಂಡೆಯವಳೇ. ಗಂಡ ಸತ್ತ ಮೇಲೆ ಅಪ್ಪ ಕೊಡುತ್ತಿದ್ದ ಪಗಾರದಲ್ಲಿ ಸಂಸಾರ ನಡೆಸುತ್ತಿದ್ದಳು. ಗಾಳಿ ಎದ್ದಾಗ ದೋಣಿಯ ಮೂತಿಯನ್ನು ಅಲೆಗೆ ಓರೆಯಾಗಿ ಹಿಡಿದು, ನೀರು ಒಳಗೆ ಬಾರದಂತೆ, ಅವಳು ದಾಟಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ದೋಣಿಯ ತಳ ಕಲ್ಲಿಗೆ ತಾಗಿ ಸೀಳಿದಾಗ ತೇಪೆ ಹಚ್ಚುತ್ತಿದ್ದವಳು ನಾನೇ.

2020 ಬಂತು. ಸಂತೆ ನಿಂತಿತು, ಸಾಲೆ ಮುಚ್ಚಿತು, ದಾಟುವವರು ಇಲ್ಲವಾದರು. ಐವತ್ತು ಮಂದಿಯ ಮದುವೆಗೆ ಜವಳಿ ಯಾರು ಕೊಳ್ಳುತ್ತಾರೆ? ನಾನು ಭೌತಶಾಸ್ತ್ರ ಕಲಿಸುತ್ತಿದ್ದ ಹುಕ್ಕೇರಿಯ ಖಾಸಗಿ ಕಾಲೇಜು ಮೊದಲು ಅರ್ಧ ಪಗಾರ ಕೊಟ್ಟಿತು, ಆಮೇಲೆ ಅದನ್ನೂ ನಿಲ್ಲಿಸಿತು. ನಾನು ಪ್ರಯೋಗಾಲಯದ ಸಣ್ಣಪುಟ್ಟ ಉಪಕರಣಗಳನ್ನು ಚೀಲದಲ್ಲಿಟ್ಟುಕೊಂಡು, ನೆಟ್‌ವರ್ಕ್ ಸಿಗುವ ಕಡೆ ಕೂತು ಮೊಬೈಲಿನಲ್ಲೇ ಪಾಠ ಮಾಡುತ್ತಿದ್ದೆ. ಅಂಗಡಿಯ ಇಬ್ಬರು ಕೆಲಸಗಾರರನ್ನು ಬಿಡಿಸುವ ಬದಲು ದೋಣಿ ಮಾರುತ್ತೇನೆ ಎಂದರು ಅಪ್ಪ. ಆ ನಿರ್ಧಾರದಲ್ಲಿ ಇವತ್ತಿಗೂ ನಾನು ತಪ್ಪು ಹುಡುಕಲಾರೆ.

ಕೊಳ್ಳುವವರು ಸಿಗಲಿಲ್ಲ. ಕೈಯಲ್ಲಿ ರೊಕ್ಕ ಇಲ್ಲದ ಕಾಲದಲ್ಲಿ ದೋಣಿ ಯಾರಿಗೆ ಬೇಕು? ಒಬ್ಬ ಅದನ್ನು ದನಗಳಿಗೆ ನೀರು ಕುಡಿಸುವ ತೊಟ್ಟಿ ಮಾಡಿಕೊಳ್ಳುತ್ತೇನೆಂದ, ಒಯ್ಯಲು ಮಾತ್ರ ಮತ್ತೆ ಬರಲಿಲ್ಲ. ನವೆಂಬರಿನ ಒಂದು ಬೆಳಗ್ಗೆ ಕೆಂಪವ್ವ ಎರಡು ಬಸ್ಸು ಬದಲಿಸಿ ಮೂಡಲಗಿಗೆ ಬಂದಳು. ಮೀನುಗಾರರ ಸಂಘದಲ್ಲಿ ಅವಳಿಗೆ ಸದಸ್ಯತ್ವ ಸಿಕ್ಕಿತ್ತು. ಆದರೆ ಅವಳ ಹಳೆಯ ಟ್ಯೂಬಿನ ತೆಪ್ಪ ಹರಿದು ಹೋಗಿತ್ತು. ನಡುನೀರಿನಲ್ಲಿ ಬಲೆ ಹಾಕಲು ಗಟ್ಟಿ ದೋಣಿ ಬೇಕು. ಅಪ್ಪ ಹೇಳಿದ ಬೆಲೆಯನ್ನು ಅವಳು ಚೌಕಾಸಿ ಮಾಡದೆ ಸೆರಗಿನ ಗಂಟಿನಲ್ಲಿ ತಂದಿದ್ದಳು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಮಂದೀನ ದಾಟಸ್ತೀಯೋ, ಬಲಿ ಹಾಕ್ತೀಯೋ?"

ಒಂದು ಸುಳ್ಳು ಹೇಳಿದ್ದರೆ ದೋಣಿ ಅವಳದಾಗುತ್ತಿತ್ತು.

"ಬಲಿ ಹಾಕಾಕನ ಸಾವ್ಕಾರ್ರ," ಎಂದಳು. "ಮಂದಿ ಎಲ್ಲಿ ಅದಾರ್ರಿ ದಾಟಸಾಕ?"

ಇಲ್ಲಿ ನಮ್ಮ ಮನೆಯ ಒಂದು ನಡತೆ ಹೇಳಬೇಕು. ಜೀವ ತೆಗೆಯುವ ಸಾಧನವನ್ನು, ಅದು ಕತ್ತಿಯಿರಲಿ, ಬಲೆಯಿರಲಿ, ವಿಷವಿರಲಿ, ಇನ್ನೊಬ್ಬರ ಕೈಗೆ ಕೊಡುವುದಕ್ಕೆ ನಮ್ಮ ಜೈನರಲ್ಲಿ ಹಿಂಸಾದಾನ ಎನ್ನುತ್ತಾರೆ. ಅಪ್ಪ ಒಂದು ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಅದನ್ನು ಬಿಡುವ ವ್ರತ ತೊಟ್ಟವರು. ಬಾಯಿಮಾತಿನ ವ್ರತವಲ್ಲ. ರೇಷ್ಮೆಗಾಗಿ ಹುಳುಗಳನ್ನು ಬೇಯಿಸುತ್ತಾರೆಂದು ಅವರು ಅಂಗಡಿಯಲ್ಲಿ ರೇಷ್ಮೆ ಸೀರೆಯನ್ನೇ ಇಡುವುದಿಲ್ಲ. ರೇಷ್ಮೆ ಇಲ್ಲದ ಜವಳಿ ಅಂಗಡಿಗೆ ಮದುವೆಯವರು ಬರುವುದಿಲ್ಲ. ಅದು ಗೊತ್ತಿದ್ದೂ ಮೂವತ್ತು ವರ್ಷ ಹಾಗೆ ನಡೆಸಿದ್ದಾರೆ. ಆದ್ದರಿಂದ ಕೆಂಪವ್ವನಿಗೆ ಇಲ್ಲ ಎಂದರು. ಕೊಡಲಾರೆ ತಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಕೈ ಮುಗಿದರು.

ಕೆಂಪವ್ವ ಗಂಟನ್ನು ಮತ್ತೆ ಬಿಗಿದಳು. "ನಾ ಹುಟ್ಟ ಹಾಕೂಮುಂದ ದೋಣಿ ನಿಮ್ಮದು, ಪುಣ್ಯಾನೂ ನಿಮ್ಮದು. ಅದ ದೋಣಿ ನನ್ನ ಕೈಗೆ ಬಂದ್ರ ಮಾತ್ರ ಪಾಪ ಏನ್ರಿ?"

ಅಪ್ಪ ಎದ್ದು ಕಪಾಟಿನ ಕಡೆ ಹೋದರು. ಹೋಗುವಾಗ ಅವಳಿಗೊಂದು ಅಪ್ಪಟ ಹತ್ತಿಯ ಇಳಕಲ್ ಸೀರೆ ಕೊಟ್ಟರು. ಅವಳು ಅದನ್ನು ಕೈಯಲ್ಲಿ ಹಿಡಿದು, ಅಂಚು ಸವರಿ ನೋಡಿ, ಮಡಿಕೆ ಕೆಡದಂತೆ ಮೆಟ್ಟಿಲ ಮೇಲೆ ಇಟ್ಟು ಹೋದಳು.

ಆ ರಾತ್ರಿ ಮನೆಯಲ್ಲಿ ನಾನು ಜಗಳ ತೆಗೆದೆ. ಅವಳು ತೆಪ್ಪದಲ್ಲೇ ಹೋಗಿ ಮೀನು ಹಿಡಿಯುತ್ತಾಳೆ, ನಮ್ಮ ವ್ರತದಿಂದ ಒಂದು ಮೀನೂ ಉಳಿಯುವುದಿಲ್ಲ, ಅವಳು ಮುಳುಗುವ ಸಂಭವ ಮಾತ್ರ ಹೆಚ್ಚುತ್ತದೆ ಎಂದೆ. ಅಪ್ಪ, ತಾವು ಇಡುವುದು ತಮ್ಮ ಪಾಪಪುಣ್ಯದ ಲೆಕ್ಕ, ಮೀನಿನದಲ್ಲ ಎಂದರು. 

ಹದಿನೈದು ದಿನದ ಮೇಲೆ ಕಾಶಿನಾಥ ಎಂಬವನು ಕಾರಿನಲ್ಲಿ ಬಂದ. ಗೋಕಾಕದ ಬಳಿ ಗಾರ್ಡನ್ ಹೋಟೆಲ್ ತೆರೆಯುತ್ತಿದ್ದೇನೆ, ಶುದ್ಧ ಸಸ್ಯಾಹಾರಿ, ದೋಣಿಯನ್ನು ಹೂಗಿಡಗಳ ನಡುವೆ ಇಡುತ್ತೇನೆ, ಮಕ್ಕಳು ಅದರಲ್ಲಿ ಕೂತು ಫೋಟೊ ತೆಗೆಸಿಕೊಳ್ಳಲಿ ಎಂದು ಕೈ ಮುಗಿದು ಮಾತು ಕೊಟ್ಟ. ಕೆಂಪವ್ವ ತಂದದ್ದಕ್ಕಿಂತ ಕಡಿಮೆಗೆ ಕೇಳಿದ. ಅಪ್ಪ ಅಷ್ಟಕ್ಕೇ ಕೊಟ್ಟರು, ಅದೂ ಸಂತೋಷದಿಂದ. ಒಣ ನೆಲದ ಮೇಲೆ ಇರುವ ದೋಣಿಯಿಂದ ಯಾವ ಜೀವಕ್ಕೂ ಬಾಧೆಯಿಲ್ಲ ಎಂಬುದು ಅವರ ವಿಚಾರ. ಆ ವಿಚಾರದ ಫೋಟೊ ಈಗ ನನ್ನ ಮೊಬೈಲಿನಲ್ಲಿತ್ತು.

ಆ ಮಧ್ಯಾಹ್ನವೇ ಅಂಗಡಿಯಲ್ಲಿ ಅಪ್ಪ ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಹೆಸರು ಓದಿದರು. ಟೊಪ್ಪಿಗೆ ಹಾಕಿಕೊಂಡು ಬಂದು ಸ್ಕೂಟಿಯ ಹಿಂದೆ ಕೂತರು. ಅಂಥ ಹೋಟೆಲಿನ ಮುಂದೆ ಹಾಯುವಾಗ ಮೂಗಿಗೆ ಧೋತರದ ಚುಂಗು ಹಿಡಿಯುವ ಮನುಷ್ಯ ಅಂದು ಗೇಟು ದಾಟಿ ಒಳಗೆ ನಡೆದರು.

ಕಾಶಿನಾಥ ಎದ್ದು ಕುರ್ಚಿ ಹಾಕಿದ. ಮಾತು ತಪ್ಪಿದ್ದನ್ನು ಅವನು ಅಲ್ಲಗಳೆಯಲಿಲ್ಲ. ಎರಡು ತಿಂಗಳು ಊಟ ಬಡಿಸಿ ಕೂತೆ, ಕರಿದ ಹಪ್ಪಳವೂ ಉಳಿಯುತ್ತಿತ್ತು, ರೊಕ್ಕ ಇದ್ದ ನಾಲ್ಕು ಮಂದಿ ಬಂದರೆ ಮೀನು ಕೇಳುತ್ತಾರೆ ಎಂದ. ಅವನ ಕಷ್ಟ ಖರೆ ಇರಬಹುದು. ಆದರೆ ಕೈ ಮುಗಿದು ಕೊಟ್ಟ ಮಾತು ಅಷ್ಟು ಬೇಗ ಕರಗಬೇಕೆ?

ಅಪ್ಪ ಇಷ್ಟೇ ಕೇಳಿದರು. "ನಮ್ಮವ್ವನ ಹೆಸರಿನ ಮ್ಯಾಲೆ ಹೆಣಾ ಇಟ್ಟಿಯಲ್ಲೋ, ತಮ್ಮಾ?"

"ಕಾಕಾ, ಸಿಟ್ಟಾಗಬ್ಯಾಡ್ರಿ," ಎಂದ ಕಾಶಿನಾಥ. "ನೀವು ಮಾರಿದ ಧೋತರಾ ಉಟಗೊಂಡು ಯಾರೂ ಬಾಡೂಟಕ್ಕ ಹೋಗಂಗಿಲ್ಲೇನ್ರಿ? ಅದನ್ನ ಹೋಗಿ ಸೆಳಕೊಂಡ ಬರತೀರಿ?"

ಪಕ್ಕದ ಮೇಜಿನವರು ನಕ್ಕರು. ನನಗೆ ಅವನ ಮಾತಿಗಿಂತ ಆ ನಗೆ ಕಿಚ್ಚು ಹಚ್ಚಿತು. ಮೂವತ್ತು ವರ್ಷ ಲಾಭ ಬಿಟ್ಟು ನಡೆದವರನ್ನು, ಒಂದು ಚಳಿಗಾಲ ಮಾತು ಉಳಿಸಿಕೊಳ್ಳಲಾಗದವನು ತರ್ಕದಿಂದ ಸೋಲಿಸಿಬಿಟ್ಟ. ಅದಕ್ಕಿಂತ ಹೆಚ್ಚು ಉರಿದದ್ದು ಬೇರೆ: ನಿಜ ಹೇಳಿದವಳನ್ನು ನಮ್ಮ ಮೆಟ್ಟಿಲಿನಿಂದ ಬರಿಗೈಯಲ್ಲಿ ಕಳಿಸಿದ್ದೆವು, ಸುಳ್ಳು ಹೇಳಿದವನಿಗೆ ಕಡಿಮೆ ಬೆಲೆಗೆ ಕೊಟ್ಟಿದ್ದೆವು. ಇದನ್ನು ಅಪ್ಪನಿಗೆ ಅಲ್ಲೇ, ಎಲ್ಲರ ಮುಂದೆ ಹೇಳಿದೆ.

ಅವರು ದೋಣಿಯ ಹತ್ತಿರ ಹೋಗಿ ಹೆಸರಿನ ಎದುರು ನಿಂತರು. ಆಮೇಲೆ, "ಕೆಂಪವ್ವಗ ಫೋನ್ ಹಚ್ಚು," ಎಂದರು.

"ನಾ ಹಚ್ಚೂದಿಲ್ಲ. ನೀವ ಹಚ್ರಿ."

ನಂಬರ್ ಒತ್ತಿ ಕೊಟ್ಟೆ, ಅಷ್ಟೇ. ಮಾತಾಡಿದವರು ಅವರೇ: ದೋಣಿ ಎಲ್ಲಿದೆ, ಏನಾಗಿದೆ ಎಂದು ಹೇಳಿ, ಬಂದು ನೋಡು ಎಂದರು.

ಮುಂದಿನ ಭಾನುವಾರ ಕೆಂಪವ್ವ ಹೋಟೆಲಿಗೆ ಬಂದಳು. ಅಷ್ಟರಲ್ಲಿ ಹರಿದ ತೆಪ್ಪ ಒಮ್ಮೆ ನಡುನೀರಿನಲ್ಲಿ ಮಗುಚಿ, ಬಲೆ ಕಳೆದುಕೊಂಡು ಈಜಿ ದಂಡೆ ಸೇರಿದ್ದಳು. ಅದನ್ನು ಅವಳು ನನಗೆ ಹೇಳಿದಳು, ಅಪ್ಪನಿಗೆ ಕೇಳುವಷ್ಟು ಜೋರಾಗಿ. ನಮ್ಮನ್ನು ಬಿಟ್ಟು ನೇರವಾಗಿ ಕಾಶಿನಾಥನ ಹತ್ತಿರ ಹೋದಳು. ಅವನಿಗೂ ದೋಣಿ ಸಾಕಾಗಿತ್ತು: ಬರ್ಫ ಬೇಗ ಕರಗುತ್ತಿತ್ತು, ಒಂದು ಸ್ಟೀಲಿನ ಪೆಟ್ಟಿಗೆ ತರಿಸುವ ವಿಚಾರದಲ್ಲಿದ್ದ. ಮಳೆಗಾಲದವರೆಗೆ ವಾರಕ್ಕೊಮ್ಮೆ ಹಿಡಕಲ್ಲಿನ ತಾಜಾ ಕಟ್ಲಾ ಮೀನು ತಂದು ಕೊಡುತ್ತೇನೆ, ದೋಣಿ ಬಿಡು ಎಂದಳು. ಅವನು ತೂಕ ಏರಿಸಿದ, ಅವಳು ಇಳಿಸಿದಳು. ಬರ್ಫದ ಮೇಲಿನ ಸುರಮಯಿ ಮೀನು ಮೂರು ದಿನದ ಹಳೆಯದೆಂದು ಅವಳು ಕಿವಿರು ಎತ್ತಿ ಗಿರಾಕಿಗಳ ಮುಂದೆ ತೋರಿಸಿದ ಮೇಲೆ ವ್ಯವಹಾರ ಬೇಗ ಮುಗಿಯಿತು.

ಹುಡುಗರು ಬರ್ಫ ತೆಗೆದು ಸುರಿದರು. ತಳ ಕಂಡಿತು. ನಡುವೆ, ಅತ್ಯಂತ ತಗ್ಗಿನ ಜಾಗದಲ್ಲಿ, ಕರಗಿದ ನೀರು ಹೋಗಲೆಂದು ಒಂದು ತೂತು ಕೊರೆದಿದ್ದರು. ಅಂಚಿನಲ್ಲಿ ಫೈಬರಿನ ಎಳೆಗಳು ಹರಿದ ಗೋಣಿಯಂತೆ ಹೊರಗೆ ಚಾಚಿದ್ದವು. ನೀರು ಒಳಗೆ ಬಾರದಂತೆ ಮಾಡಿದ ವಸ್ತುವಿಗೆ ನೀರು ಹೊರಗೆ ಹೋಗಲೆಂದು ತೂತು! ಅದನ್ನು ಕೊರೆದ ಕೈಗೆ ಒಂದು ಕ್ಷಣವೂ ಇದೇನು ಮಾಡುತ್ತಿದ್ದೇನೆ ಅನ್ನಿಸಲಿಲ್ಲವೇ? 

ಕೆಂಪವ್ವ ತೂತಿನೊಳಗೆ ಬೆರಳು ಆಡಿಸಿದಳು. ಆಗ ಮೊದಲ ಸಲ ಅಪ್ಪನ ಕಡೆ ತಿರುಗಿದಳು.

"ನೀವೇನೂ ಮಾರಿಲ್ಲ ಸಾವ್ಕಾರ್ರ, ಏನೂ ಕೊಟ್ಟಿಲ್ಲ. ನಿಮ್ಮ ವ್ರತಾ ನಿಮ್ಮ ಕಡೇನ ಇರಲಿ. ಈ ತೂತ ಮುಚ್ಚಾಕ ನಿಮ್ಮ ಮಗಳಿಗೆ ಬರತೈತಿ. ಆಕಿನ್ನ ಕಳಸ್ತೀರೋ, ಅದಕ್ಕೂ ಪಾಪದ ಹೆಸರ ಐತೋ?"

 ಅಪ್ಪನ ಹಿಂಜರಿಕೆ ನಟನೆಯಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಸಿಟ್ಟು ಇಳಿಯಲಿಲ್ಲ. ಮುಚ್ಚಿದ ದೋಣಿಯಿಂದ ನಾಳೆ ಬಲೆ ಬೀಳುತ್ತದೆ. ಮುಚ್ಚದಿದ್ದರೆ ಈ ಹೆಂಗಸು ಅದರಲ್ಲೇ ಚಿಂದಿ ತುರುಕಿ ನೀರಿಗಿಳಿಯುತ್ತಾಳೆ. ಎರಡೂ ಅವರ ಮುಖದ ಮೇಲೆ ಒಂದಾದ ಮೇಲೊಂದು ಹಾದುಹೋದವು.

"ಮುಳುಗೂ ದೋಣ್ಯಾಗ ಒಬ್ಬಾಕಿನ್ನ ಕಳಸಂತ ಯಾವ ಮುನಿಗಳೂ ಹೇಳಿಲ್ಲ," ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ. ಧೋತರ ಮೇಲೆತ್ತಿ ಕಟ್ಟಿದರು. ಮೀನಿನ ನೀರು ಹರಿದಾಡುವ ಕಟ್ಟೆಯನ್ನು ಹತ್ತಿದರು. ಹೆಗಲ ಮೇಲಿನ ಟವೆಲಿನಿಂದ ಅಜ್ಜಿಯ ಹೆಸರಿಗೆ ಅಂಟಿದ್ದ ಮೀನಿನ ಹುರುಪೆಗಳನ್ನು ಒರೆಸಿದರು, ಆಮೇಲೆ ಅದೇ ಟವೆಲಿನಿಂದ ತಳವನ್ನು.

"ಆರತಿ, ಅಳತಿ ತಗೋ."

ಪಾಠಕ್ಕೆಂದು ಒಯ್ದ ವರ್ನಿಯರ್ ಅಳತೆಗೋಲು ಇನ್ನೂ ಚೀಲದಲ್ಲೇ ಇತ್ತು. ತೇಪೆ ಕೂಡ್ರಬೇಕಾದರೆ ಮೊದಲು ಸುತ್ತಲಿನ ಅಂಚನ್ನು ತೆಳ್ಳಗೆ ಇಳಿಜಾರಾಗಿ ಉಜ್ಜಬೇಕು, ಆಮೇಲೆ ಫೈಬರ್ ಹಾಸು, ಅಂಟು, ಮತ್ತೆ ಹಾಸು. ಅದಕ್ಕೆಲ್ಲ ತೂತಿನ ಅಗಲ ಗೊತ್ತಿರಬೇಕು. ಕಾಶಿನಾಥ ಬಂದು ಒಂದು ರಬ್ಬರ್ ಬಿರಡೆ ಹಾಕಿದರೆ ಸಾಕಲ್ಲ ಅಕ್ಕಾರ ಎಂದ. ಅವನ ಕಡೆ ನೋಡದೆ, ಎರಡು ದಿಕ್ಕಿನಲ್ಲಿ ಅಳೆದೆ. ಹರಿದ ಕಡೆ ದೊಡ್ಡದು ಬಂದದ್ದನ್ನೇ ಇಟ್ಟುಕೊಂಡೆ.

ಐವತ್ತೊಂದು ಮಿಲಿಮೀಟರ್.