ಚೀಲದ ಮುಚ್ಚಳದೊಳಗಿನ ಬೊಟ್ಟುಗಳು

ಚರ್ಚಿನ ಬೀದಿಯ ತಿರುವಿನಲ್ಲಿ ಒಂದು ನಲ್ಲಿ ಇದೆ. ಪ್ರತಿ ಭಾನುವಾರ ಅಲ್ಲಿ ನಿಂತು ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು, ಬೈಬಲ್ ಚೀಲದ ಮುಚ್ಚಳದೊಳಗೆ ಅಂಟಿಸಿ, ಮುಖ ತೊಳೆದುಕೊಂಡು ಒಳಗೆ ಹೋಗುತ್ತಿದ್ದೆ. ಆರಾಧನೆ ಮುಗಿದ ಮೇಲೆ ಅದೇ ನಲ್ಲಿಯ ಹತ್ತಿರ ಅದೇ ಬೊಟ್ಟು ಮತ್ತೆ ಹಣೆಗೆ. ಅಂಟು ಹೋದವು ಅಲ್ಲೇ ಉಳಿದವು. ಹನ್ನೊಂದು ವರ್ಷದಲ್ಲಿ ಮುಚ್ಚಳದೊಳಗೆ ಬೊಟ್ಟುಗಳ ಸಂತೆಯೇ ನೆರೆದಿತ್ತು. ಚರ್ಚಿನಲ್ಲಿ ನಾನು ದೀವೆನಮ್ಮ, ಮೆಣಸಿನಕಾಯಿ ಗೋದಾಮಿನಲ್ಲಿ ಸುಗುಣ. ಯಾವ ಹೆಸರಿನಿಂದ ಕರೆಯುವುದೆಂದು ದೇವರಿಗೇ ಗೊಂದಲವಾಗಿದ್ದೀತು.

ಗುಂಟೂರಿನಲ್ಲಿ ನಮ್ಮ ಕ್ರೈಸ್ತರಿಗೇನೂ ಬರವಿಲ್ಲ. ಆದರೆ ನಮ್ಮ ಗೋದಾಮಿನಲ್ಲಿ ತೊಟ್ಟು ಮುರಿಯುವ ನಲವತ್ತು ಹೆಂಗಸರಲ್ಲಿ ಬೊಟ್ಟಿಲ್ಲದೆ ಬಂದವಳು ಒಬ್ಬಳೇ, ಸಾರಮ್ಮ. ಮೇಸ್ತ್ರಿ ವೆಂಕಾಯಮ್ಮ ಮೊದಲ ದಿನವೇ ಅವಳಿಗೆ ಹೆಸರಿಟ್ಟಳು.

"ಏ ಹಲ್ಲೆಲೂಯಾ, ಆ ಮೂಟೆ ಇತ್ತ ಎಳಿ. ಹಂಗೇ ನಿಮ್ಮ ಯೇಸಪ್ಪಂಗೆ ಹೇಳಿ ಈ ಘಾಟು ಒಂಚೂರು ಕಮ್ಮಿ ಮಾಡಿಸೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟದ ಹೊತ್ತಿನಲ್ಲಿ ಸಾರಮ್ಮನ ಪಕ್ಕ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ. ತಿಂಗಳು ತುಂಬುವುದರೊಳಗೆ ಅವಳು ಬರುವುದನ್ನೇ ಬಿಟ್ಟಳು. ನಾಳೆ ಯಾರಿಗೆ ಕೆಲಸ, ಯಾರಿಗಿಲ್ಲ ಎನ್ನುವುದೆಲ್ಲ ವೆಂಕಾಯಮ್ಮನ ಕೈಯಲ್ಲಿತ್ತು. ಆ ವಾರ ನಾನು ಅಂಗಡಿಗೆ ಹೋಗಿ ಒಂದು ಸುತ್ತು ದೊಡ್ಡ ಬೊಟ್ಟಿನ ಪ್ಯಾಕೆಟ್ಟು ತಂದೆ.

ನನ್ನ ಪಕ್ಕ ಕೂರುತ್ತಿದ್ದವಳು ಮಂಗತಾಯಾರು, ನನ್ನ ಪಾಲಿಗೆ ಮಂಗಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಬಾಯಿ ಮಾತ್ರ ಅರವತ್ತು ವರ್ಷ ದೊಡ್ಡದು. ಮೊದಲ ದಿನ ಘಾಟಿಗೆ ಕಣ್ಣು ಬಿಡಲಾಗದೆ ಅಳುತ್ತಿದ್ದ ನನ್ನ ಕೈಗೆ ಹರಳೆಣ್ಣೆ ಸವರಿ, ಮೂಗಿಗೆ ಬಟ್ಟೆ ಕಟ್ಟಿಕೊಟ್ಟವಳು ಅವಳೇ. ಅಂದಿನಿಂದ ಇಬ್ಬರ ಡಬ್ಬಿಯನ್ನೂ ಒಟ್ಟಿಗೇ ಬಿಚ್ಚುತ್ತಿದ್ದೆವು. ಅವಳ ಗೋಂಗೂರ ಚಟ್ನಿ, ನನ್ನ ಬೇಳೆ ಪಪ್ಪು. ತುತ್ತಿಗೆ ಮೊದಲು ನಾನು ಒಂದು ಗಳಿಗೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದೆ. ಮೆಣಸಿನಕಾಯಿ ಗೋದಾಮಿನಲ್ಲಿ ಕಣ್ಣು ಮುಚ್ಚಿದವರನ್ನು ಯಾಕೆಂದು ಯಾರು ಕೇಳುತ್ತಾರೆ? ಅಷ್ಟರಮಟ್ಟಿಗೆ ಆ ಘಾಟು ನನ್ನ ಮಾನ ಕಾಪಾಡಿತ್ತು.

ಒಂದು ಶುಕ್ರವಾರ ಮಂಗಕ್ಕ ಕಾಯಿ ಮುರಿಯುತ್ತಲೇ, ಮಳೆ ಬರುತ್ತೆ ಅಂದಷ್ಟು ಸಲೀಸಾಗಿ ಹೇಳಿದಳು. "ಎದೇಲಿ ಗಂಟು ಅಂತೆ ಕಣೇ. ನಾಳೆ ಅಡ್ಮಿಟ್ ಆಗ್ಬೇಕು, ಸೋಮವಾರ ಆಪರೇಷನ್ನು."

ನನ್ನ ಕೈ ನಿಂತುಹೋಯಿತು.

"ಕೈ ಯಾಕೆ ನಿಲ್ಲಿಸ್ದೆ? ಮೇಸ್ತ್ರಮ್ಮ ನೋಡ್ತವ್ಳೆ, ಮುರಿ. ನಾನು ಎಲ್ಲಾ ಕಡೆ ಹೇಳಿಟ್ಟಿದೀನಿ. ಬೆಟ್ಟದ ಶಿವಪ್ಪಂಗೆ ಹರಕೆ ಹೊತ್ತಿದೀನಿ, ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸ್ಕೊಂಡೆ. ಯೇಸಪ್ಪನ ಕಡೆಯವ್ರು ಮಾತ್ರ ಯಾರೂ ಇಲ್ಲ ನಂಗೆ, ಶಿಫಾರಸು ಮಾಡೋಕೆ." ಇನ್ನೊಂದು ಕಾಯಿ ಎತ್ತಿಕೊಂಡು ಕೇಳಿದಳು, "ನಿಂಗ್ಯಾರಾದ್ರೂ ಗೊತ್ತೇನೇ ಸುಗುಣಾ?"

"ಇಲ್ಲಕ್ಕ."

"ನಿಮ್ಮ ಬೀದೀಲಿ?"

"ಯಾರೂ ಇಲ್ಲ."

"ಒಬ್ರೂ ಇಲ್ವಾ?"

"ಗೊತ್ತಿಲ್ಲ ಅಂದ್ನಲ್ಲಕ್ಕ!"

ಆಮೇಲೆ ಅವಳು ಕೇಳಲಿಲ್ಲ. ನಾನು ಮೂಗಿನ ಬಟ್ಟೆ ಬಿಗಿ ಮಾಡಿಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಾಯಿ ತೆರೆಯಲಿಲ್ಲ. ನಾಲ್ಕು ಮಾರು ಆಚೆ ವೆಂಕಾಯಮ್ಮ ಕೂತಿದ್ದಳು.

ಭಾನುವಾರ ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಹಾಡಿದರು. ದೇವರ ಉಪಕಾರಕ್ಕೆ ಸಾಕ್ಷಿ ಹೇಳುವವರು ಒಬ್ಬೊಬ್ಬರಾಗಿ ಮುಂದೆ ಹೋದರು. ಸಾಲ ತೀರಿತು, ಜ್ವರ ಬಿಟ್ಟಿತು ಎಂದರು. ನಾನೇನು ಹೇಳಲಿ? ನನ್ನ ಅಕ್ಕನಂಥವಳು ಮೂರು ಸಲ ಕೇಳಿದಳು, ಮೂರು ಸಲವೂ ಯೇಸುವಿನ ಗುರುತಿಲ್ಲ ಅಂದೆ ಎಂದು ಹೇಳಲೇ?

ಆರಾಧನೆ ಮುಗಿಯಿತು. ನಲ್ಲಿಯ ಹತ್ತಿರ ಬಂದು ಚೀಲದ ಮುಚ್ಚಳ ಎತ್ತಿದೆ. ಬೆಳಿಗ್ಗೆ ಅಂಟಿಸಿದ್ದ ಬೊಟ್ಟನ್ನು ಉಗುರಿನಿಂದ ಅರ್ಧ ಎಬ್ಬಿಸಿದೆ. ಆಸ್ಪತ್ರೆಗೆ ಹೋಗುವುದಿತ್ತು. ಅಲ್ಲಿ ಗೋದಾಮಿನವರು ಇದ್ದೇ ಇರುತ್ತಾರೆ. ಕೊಡ ತುಂಬಿಸಲು ನಿಂತಿದ್ದ ಹೆಂಗಸು, "ಜರುಗ್ತೀಯೇನಮ್ಮಾ ಸ್ವಲ್ಪ?" ಎಂದಳು. ಜರುಗಿದೆ. ಬೊಟ್ಟನ್ನು ಹಾಗೇ ಬಿಟ್ಟು ಮುಚ್ಚಳ ಹಾಕಿದೆ. ಆಸ್ಪತ್ರೆಯವರೆಗೂ ಆಟೋದಲ್ಲಿ ನನ್ನ ಬರಿ ಹಣೆಯನ್ನು ನಾನೇ ಮುಟ್ಟಿ ಮುಟ್ಟಿ ನೋಡಿಕೊಂಡೆ.

ವಾರ್ಡಿನಲ್ಲಿ ಎಂಟು ಮಂಚ. ಕಿಟಕಿಯ ಪಕ್ಕದ್ದು ಮಂಗಕ್ಕನದು. ನಾನು ಹೆದರಿದ್ದ ಹಾಗೆಯೇ ವೆಂಕಾಯಮ್ಮ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅವಳ ಕಣ್ಣು ಮೊದಲು ನನ್ನ ಹಣೆಗೇ ಹೋಯಿತು.

"ಇದೇನೇ ಸುಗುಣಾ, ಮುಖ ಬೋಳು ಬೋಳು? ಬೊಟ್ಟು ಎಲ್ಲಿ ಬೀಳಿಸ್ಕೊಂಡೆ?"

ಬಿದ್ದುಹೋಯಿತು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಮಂಗಕ್ಕ ದಿಂಬಿಗೊರಗಿ ನನ್ನನ್ನೇ ನೋಡುತ್ತಿದ್ದಳು. ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಅವಳು ಚಿಕ್ಕವಳಾಗಿ ಕಂಡಳು.

"ಬೀಳ್ಲಿಲ್ಲ ಮೇಸ್ತ್ರಮ್ಮ. ನಾನೇ ತೆಗ್ದೆ. ಚರ್ಚಿಂದ ಬರ್ತಾ ಇದೀನಿ." ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಮಂಗಕ್ಕ, ಮೊನ್ನೆ ಸುಳ್ಳು ಹೇಳ್ದೆ. ಯೇಸಪ್ಪನ ಕಡೆಯವ್ರು ನಂಗೆ ಗೊತ್ತು. ನಾನೇ ಅವನ ಕಡೆಯವಳು. ನಿಂಗೋಸ್ಕರ ಪ್ರಾರ್ಥನೆ ಮಾಡ್ಲಾ?"

ವೆಂಕಾಯಮ್ಮನ ಕೈಯಲ್ಲಿ ಕಿತ್ತಳೆ ಅರ್ಧಕ್ಕೇ ನಿಂತಿತು. ಮಂಗಕ್ಕ ಮಾತ್ರ ಉಸ್ಸೆಂದಳು.

"ಅಂತೂ ಬಾಯಿ ಬಿಟ್ಯಲ್ಲ! ಹನ್ನೊಂದು ವರ್ಷ ಆಯ್ತು ಕಣೇ. ದಿನಾ ಡಬ್ಬಿ ಬಿಚ್ಚಿದ ತಕ್ಷಣ ನೀನು ಕಣ್ಣು ಮುಚ್ಚೋದು, ನಾನು ತುತ್ತು ಕೈಲಿ ಹಿಡ್ಕೊಂಡು ಕಾಯೋದು. ನೀನು ಕಣ್ಣು ಬಿಡೋವರ್ಗೂ ಒಂದಿನ ಬಾಯಿಗೆ ಇಟ್ಟಿಲ್ಲ. ನಲವತ್ತು ಜನರಲ್ಲಿ ನಿನ್ನನ್ನೇ ಯಾಕೆ ಕೇಳ್ದೆ ಅಂದ್ಕೊಂಡೆ?"

ಹನ್ನೊಂದು ವರ್ಷ ನಾನು ಯಾರಿಂದ ಮುಚ್ಚಿಟ್ಟೆನೋ ಅವಳು ನನ್ನ ಪ್ರಾರ್ಥನೆಗೆ ಕಾದಿದ್ದಳು. ನಾನು ಕಣ್ಣು ಮುಚ್ಚಿರುತ್ತಿದ್ದೆ, ಅದಕ್ಕೇ ಕಾಣಲಿಲ್ಲ. ಮಂಚದ ಅಂಚಿನಲ್ಲಿ ಕುಸಿದು ಕೂತು ಅತ್ತುಬಿಟ್ಟೆ.

"ಅಳೋದು ಆಮೇಲೆ. ಮೊದ್ಲು ಶಿಫಾರಸು ಮಾಡು," ಎಂದು ಮಂಗಕ್ಕ ಕೈ ಚಾಚಿದಳು. ಅವಳ ಬೆರಳುಗಳಿಂದ ಖಾರ ಇನ್ನೂ ಹೋಗಿರಲಿಲ್ಲ.

ಮೆಲ್ಲಗೆ ಶುರು ಮಾಡಿದೆ. "ಗಟ್ಟಿಯಾಗಿ ಹೇಳೇ, ನಂಗೂ ಕೇಳ್ಬೇಡ್ವಾ?" ಎಂದು ಗದರಿದಳು. ಎಂಟು ಮಂಚಕ್ಕೂ ಕೇಳುವಂತೆ ಹೇಳಿದೆ: "ತಂದೆಯೇ, ಇವಳು ನನ್ನ ಮಂಗಕ್ಕ. ಬಾಯಿ ಜೋರು, ಮನಸ್ಸು ಒಳ್ಳೇದು. ಇವಳು ನಿನ್ನನ್ನ ಕೇಳ್ಕೊಂಡು ನನ್ನ ಹತ್ರ ಬಂದ್ಲು, ನಾನು ಗೊತ್ತಿಲ್ಲ ಅಂದೆ. ಆ ಸಿಟ್ಟು ನನ್ನ ಮೇಲಿರಲಿ, ಇವಳ ಕೈ ಬಿಡ್ಬೇಡ."

ವೆಂಕಾಯಮ್ಮ ಕಿತ್ತಳೆಯನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು.

ಸೋಮವಾರ ಗಂಟು ತೆಗೆದರು. ಔಷಧಿ ಇನ್ನೂ ನಡೆಯುತ್ತಿದೆ, ಮಂಗಕ್ಕನ ಕೂದಲು ಉದುರಿದೆ, ಮುಂದೇನೆಂದು ಡಾಕ್ಟರರೂ ಹೇಳುತ್ತಿಲ್ಲ. ನನಗೆ ಗೋದಾಮಿನಲ್ಲಿ ವಾರಕ್ಕೆ ಎರಡು ದಿನ ಕೆಲಸ ತಪ್ಪುತ್ತಿದೆ. ನನ್ನ ಹೆಸರೂ ಈಗ ಹಲ್ಲೆಲೂಯಾ. ಕರೆದಾಗ "ಏನು ಮೇಸ್ತ್ರಮ್ಮ?" ಎನ್ನುತ್ತೇನೆ. ಕೆಲಸವಿಲ್ಲದ ಒಂದು ದಿನ ಸಾರಮ್ಮನ ಮನೆ ಹುಡುಕಿಕೊಂಡು ಹೋಗಿ ಅವಳ ಕ್ಷಮೆ ಕೇಳಿ ಬಂದೆ.

ಮೂರು ತಿಂಗಳ ಮೇಲೆ ಮಂಗಕ್ಕ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ನಮ್ಮನ್ನೆಲ್ಲ ನೋಡಿಹೋಗಲು ಊಟದ ಹೊತ್ತಿಗೆ ಬಂದಳು. ಡಬ್ಬಿ ಬಿಚ್ಚಿದೆವು. ನಾನು ದನಿಯೆತ್ತಿ ಪ್ರಾರ್ಥಿಸಿದೆ. ಅವತ್ತು ಮಾತ್ರ ನಡುವೆ ಒಂದು ಕಣ್ಣು ತೆರೆದು ನೋಡಿದೆ. ಅವಳ ಕೈಯಲ್ಲಿ ತುತ್ತು ಹಾಗೇ ನಿಂತಿತ್ತು.

"ಕಣ್ಣು ಮುಚ್ಚೇ," ಎಂದಳು ಮಂಗಕ್ಕ. "ಇನ್ನೂ ಆಮೆನ್ ಆಗಿಲ್ಲ."