ಐದನೆಯ ಲೋಟ

ಗಟಗಟ ಎಂದು ಯಾರೋ ನೀರು ಕುಡಿಯುತ್ತಿದ್ದಾರೆ, ಕೊನೆಯ ಬೆಂಚಿನ ಎರಡು ಜಡೆಯವಳೇ ಇರಬೇಕು, ಕುಡಿಯಲಿ, ತಿರುಗಿ ನೋಡುವುದು ಬೇಡ, ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೆಯೇ ಇರಲಿ — ಅಸಮತೆ ಅಂದ್ರೆ ಇಷ್ಟೇ ಮಕ್ಕಳೇ, ಎರಡೂ ಕಡೆ ಸಮ ಇರಲೇಬೇಕು ಅಂತಿಲ್ಲ, ಇದನ್ನ ಮೀರಬಾರದು ಅಂತ ಒಂದು ಮಿತಿ, ನಿಮ್ಮ ಮನೆ ಕಡೆಯ ಉದಾಹರಣೆ ಹೇಳಿ ನೋಡೋಣ, ನಮ್ಮ ಲಿಫ್ಟಲ್ಲಿ ಎಂಟು ಜನಕ್ಕಿಂತ ಹೆಚ್ಚು ಹತ್ತಬಾರದು ಟೀಚರ್, ನಮ್ಮಪ್ಪ ಒಬ್ರೇ ಮೂರು ಜನಕ್ಕೆ ಸಮ ಟೀಚರ್, ತರಗತಿಯೆಲ್ಲ ನಗು, ನಾನೂ ನಕ್ಕೆ, ಅಮ್ಮ ಹೋಗಿ ಹದಿನೇಳು ದಿನ, ಬಾಯಿಗೆ ನಗುವೂ ಬರುತ್ತದಲ್ಲ — ಇನ್ನೊಂದು ಲೆಕ್ಕ ನೀವೇ ಕೊಡಿ ಟೀಚರ್, ಯೋಚಿಸುವ ಮೊದಲೇ ಕೈ ಬರೆಯುತ್ತಿದೆ, ಒಬ್ಬ ರೋಗಿ ದಿನಕ್ಕೆ ಹೆಚ್ಚೆಂದರೆ ಸಾವಿರ ಮಿಲಿಲೀಟರ್ ಕುಡಿಯಬಹುದು, ಹಾಲು, ಔಷಧಿ ಸೇರಿ ಇನ್ನೂರೈವತ್ತು ಆಯಿತು, ಲೋಟಕ್ಕೆ ನೂರೈವತ್ತು ಹಿಡಿಯುತ್ತದೆ, ಹಾಗಾದರೆ ಎಷ್ಟು ಲೋಟ ನೀರು, 150x + 250 ≤ 1000, ಬರೆದುಕೊಳ್ಳಿ.

ಅಮ್ಮನ ಕಿಡ್ನಿ ಎರಡೂ ಕೈಕೊಟ್ಟ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು, ದಿನಕ್ಕೆ ಒಂದು ಲೀಟರ್ ಮೀರಬಾರದು, ಮೀರಿದ್ರೆ ಉಸಿರಾಟಕ್ಕೇ ಕಷ್ಟ, ಮನೆಯಲ್ಲಿ ಲೆಕ್ಕ ಬರುವವಳು ನಾನೊಬ್ಬಳೇ, ಅಮ್ಮನ ಮಂಚದ ಪಕ್ಕದ ಗೋಡೆಗೆ ಕಾಗದ ಅಂಟಿಸಿದೆ, ಲೋಟಕ್ಕೊಂದು ಗೀಟು, ದಿನಕ್ಕೆ ನಾಲ್ಕು ಗೀಟು, ಲೆಕ್ಕದ ಟೀಚರನ್ನ ಹೆತ್ತ ತಪ್ಪಿಗೆ ನಾಲಿಗೆ ಒಣಗಿಸ್ಕೊಂಡು ಕೂತಿದೀನಿ ನೋಡೋ, ಎಂದು ನನ್ನ ತಮ್ಮನಲ್ಲಿ ಅಮ್ಮನ ದೂರು, ನಗುನಗುತ್ತಲೇ, ತುಟಿ ಬಿರಿದಿರುತ್ತಿತ್ತು — ಆ ಸಂಜೆ ಮಾತ್ರ ನಗಲಿಲ್ಲ, ಒಂದೇ ಒಂದು ಲೋಟ ಕೊಡೇ, ಗಂಟಲು ಅಂಟ್ಕೊಂಡಿದೆ, ಆಗಲ್ಲಮ್ಮ, ಇವತ್ತಿಂದು ಮುಗೀತು, ಇನ್ನು ಬೆಳಗ್ಗೆ, ಅರ್ಧ ಲೋಟನಾದ್ರೂ ಕೊಡಕ್ಕಾ, ತಮ್ಮ ಬಾಗಿಲಲ್ಲಿ ನಿಂತು ಗೋಗರೆಯುತ್ತಾನೆ, ನೀನು ಸುಮ್ನಿರೋ, ನಿಂಗೇನು ಗೊತ್ತು — ಬೆಳಗ್ಗೆ ಆರಕ್ಕೆ ಲೋಟ ತುಂಬಿಸಿಕೊಂಡು ಹೋದೆ, ಅಮ್ಮ ಏಳಲಿಲ್ಲ, ಕರೆದೆ, ಅಲುಗಾಡಿಸಿದೆ, ನೀರು ನನ್ನ ಕಾಲ ಮೇಲೆ ಚೆಲ್ಲಿತು, ನೀರಿಗೂ ಇದಕ್ಕೂ ಸಂಬಂಧ ಇಲ್ಲಮ್ಮ, ಹೃದಯ ನಿಂತುಹೋಗಿದೆ, ನೀವು ಚೆನ್ನಾಗೇ ನೋಡ್ಕೊಂಡ್ರಿ, ಡಾಕ್ಟರು ಸಮಾಧಾನಕ್ಕೆ ಹೇಳಿದರು, ಸಂಬಂಧ ಇಲ್ಲವೆಂದರೆ ಕೊಟ್ಟಿದ್ದರೂ ಆಗುತ್ತಿತ್ತು ಎಂದು ತಾನೇ ಅರ್ಥ — ಎರಡೂ ಕಡೆ ಇನ್ನೂರೈವತ್ತು ಕಳೀರಿ, 150x ≤ 750, ನೂರೈವತ್ತರಿಂದ ಭಾಗಿಸಿ, x ≤ 5, ಸಂಖ್ಯಾರೇಖೆ ಎಳೆಯುತ್ತೇನೆ, ಐದರ ಮೇಲೆ ಸಣ್ಣ ಸೊನ್ನೆ, ಟೀಚರ್, ಎರಡು ಜಡೆಯವಳು ಎದ್ದು ನಿಂತಿದ್ದಾಳೆ, ಸೊನ್ನೆ ಒಳಗೆ ತುಂಬಬೇಕಾ, ಖಾಲಿ ಬಿಡಬೇಕಾ, ಐದೂ ಬರುತ್ತಾ, ಬರುತ್ತೆ ಪುಟ್ಟಿ, ಚಿಹ್ನೆ ಕೆಳಗೆ ಗೆರೆ ಇದೆಯಲ್ಲ, ಐದೂ ಸಲ್ಲುತ್ತೆ — ಸಲ್ಲುತ್ತಿತ್ತು, ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು, ಎಲ್ಲಾದರೂ ಒಂದು ಗುಟುಕು ಹೆಚ್ಚಾದೀತೆಂದು ಒಂದು ಲೋಟ ನಾನೇ ತಡೆದಿಟ್ಟಿದ್ದೆ, ಅದಕ್ಕೆ ಜಾಗ್ರತೆ ಎಂದು ಹೆಸರಿಟ್ಟುಕೊಂಡಿದ್ದೆ, ಅಮ್ಮನಿಗೆ ಹೇಳಲೂ ಇಲ್ಲ, ನಾಲ್ಕು ತಿಂಗಳು, ದಿನಕ್ಕೊಂದು ಲೋಟ, ಅವಳ ಪಾಲಿನದೇ ನೀರು, ಸೊನ್ನೆ ತುಂಬುತ್ತೇನೆ, ಒತ್ತಿ ಒತ್ತಿ, ಸೀಮೆಸುಣ್ಣ ಮುರಿಯಿತು, ಟೀಚರ್ ಸಾಕು, ತುಂಬ್ತು ಟೀಚರ್ — ತಮ್ಮನಿಗೂ ಹೇಳಿಲ್ಲ, ಆ ಸಂಜೆ ಬಾಗಿಲು ದಾಟುವಾಗ ಬೀರುವಿನ ಕನ್ನಡಿಯಲ್ಲಿ ಕಂಡಿದ್ದು, ನಾನು ಹೋದೆನೆಂದುಕೊಂಡು ಅಮ್ಮ ಮೆಲ್ಲಗೆ ಕೈಚಾಚಿ ಖಾಲಿ ಲೋಟ ತೆಗೆದುಕೊಂಡಳು, ಅಂಗೈ ಮೇಲೆ ಕವುಚಿದಳು, ತಳಕ್ಕೆ ಬೆರಳಿಂದ ತಟ್ಟಿದಳು, ಕಾದಳು, ಒಂದು ಹನಿ ಇಳಿದಿರಬೇಕು, ಅಂಗೈಯನ್ನು ನಾಲಿಗೆಗೆ ಒತ್ತಿಕೊಂಡಳು, ನಾನು ಕಂಡೂ ಅಡುಗೆಮನೆಗೆ ಹೋದೆ, ಕವುಚಿದ ಲೋಟ, ಅಂಗೈ, ನಾಲಿಗೆ, ಕವುಚಿದ ಲೋಟ, ಅಂಗೈ —