ಹಿಟ್ಟಿನ ಪೀಪಾಯಿಗೆ ಹಾರಿದ ಬೆಕ್ಕು

ಬೆಳಗ್ಗೆ ಹಿಟ್ಟು ಕಲಸಲೆಂದು ಅಡುಗೆಮನೆಗೆ ಬಂದ ತಾಯಿ ಬಾಗಿಲಲ್ಲೇ ನಿಂತುಬಿಟ್ಟಳು. ಸಾಲಾಗಿಟ್ಟ ಡಬ್ಬಿಗಳಲ್ಲಿ ಒಂದಕ್ಕೂ ಮುಚ್ಚಳವಿಲ್ಲ. ಸಕ್ಕರೆಗೆ ಇರುವೆಗಳ ಮೆರವಣಿಗೆ ಹೊರಟಿದೆ. ಐದು ವರ್ಷದ ಮಗಳು ಹಿಟ್ಟಿನ ಡಬ್ಬಿಯ ಮುಂದೆ ಕೂತು, ಮೊಣಕೈವರೆಗೆ ಕೈ ಇಳಿಸಿ ತಡಕಾಡುತ್ತಿದ್ದಾಳೆ.

ಬೇರೆ ದಿನವಾಗಿದ್ದರೆ ಎರಡು ಮಾತು ಬೈಯುತ್ತಿದ್ದಳು. ಆದರೆ ಮಗಳು ಬಾಯಿ ಬಿಟ್ಟು ಮೂರು ದಿನವಾಗಿತ್ತು. ಒಂದೇ ಸಮನೆ ವಟಗುಟ್ಟುವ ಈ ಹುಡುಗಿಗೆ ಮನೆಯವರಿಟ್ಟ ಹೆಸರೇ ರೇಡಿಯೋ. ಭಾನುವಾರದಿಂದ ರೇಡಿಯೋ ಬಂದ್. ಡಾಕ್ಟರು ಗಂಟಲಿಗೆ ಟಾರ್ಚ್ ಹಾಕಿ ನೋಡಿ, "ಇಲ್ಲೇನೂ ಇಲ್ಲಮ್ಮಾ" ಎಂದಿದ್ದರು. ಅಜ್ಜನನ್ನು ಕಂಡರೆ ಸಾಕು, ಏನೋ ಕೇಳುವವಳಂತೆ ತುಟಿ ತೆರೆಯುತ್ತಾಳೆ, ಮತ್ತೆ ಮುಚ್ಚಿಕೊಳ್ಳುತ್ತಾಳೆ.

"ಏನು ಹುಡುಕ್ತಿದ್ದೀಯಾ ಕಂದಾ?"

ಮಗಳು ತಲೆಯ ಮೇಲೆ ಎರಡು ಬೆರಳು ಕಿವಿಯಂತೆ ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಕೆನ್ನೆಗೆ ಹಿಟ್ಟಿನ ಮೀಸೆ ಎಳೆದುಕೊಂಡಳು.

ತಾಯಿಗೆ ತಟ್ಟನೆ ಹೊಳೆಯಿತು. ಭಾನುವಾರ ಅಜ್ಜ ಸಿನಿಮಾ ತೋರಿಸಿದ್ದರು. ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವರು. ಚಿತ್ರಮಂದಿರ ಮುಚ್ಚಿದಾಗ ಒಂದು ಯಂತ್ರವನ್ನೂ ನಾಲ್ಕಾರು ರೀಲನ್ನೂ ಮನೆಗೆ ತಂದುಕೊಂಡಿದ್ದರು. ಗೋಡೆಗೆ ಬಿಳಿ ಹೊದಿಕೆ ಕಟ್ಟಿ ಹಳೆಯ ಮೂಕಿ ಹಾಸ್ಯಚಿತ್ರ ಹಾಕಿದ್ದರು. ಬೇಕರಿಯ ಬೆಕ್ಕು ನಾಯಿಗೆ ಹೆದರಿ ಹಿಟ್ಟಿನ ಪೀಪಾಯಿಗೆ ಹಾರುತ್ತದೆ, ಮುಚ್ಚಳ ಬೀಳುತ್ತದೆ, ಬೊಜ್ಜಿನ ಬೇಕರಿಯವನು ಅದರ ಮೇಲೇ ಕೂತು ಬೆವರೊರೆಸಿಕೊಳ್ಳುತ್ತಾನೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುಕ್ಷಣ ಬೇರೆ ಬೀದಿ, ಬೇರೆ ಓಟ. ಬೆಕ್ಕು ಮತ್ತೆ ಬರಲೇ ಇಲ್ಲ. ಅದನ್ನು ಗಮನಿಸಿದ್ದು ಮಗಳೊಬ್ಬಳೇ.

ಮಗಳನ್ನು ಎತ್ತಿಕೊಂಡು ತಾಯಿ ನೇರ ಅಜ್ಜನ ಕೋಣೆಗೆ ನಡೆದಳು.

"ಅಪ್ಪಾ, ಆ ಬೆಕ್ಕು ಪೀಪಾಯಿಯಿಂದ ಹೊರಗೆ ಬರೋದೇ ಇಲ್ವಾ?"

"ಯಾಕೆ ಬರಲ್ಲ? ಭರ್ಜರಿಯಾಗಿ ಬರುತ್ತೆ. ಚಿತ್ರಮಂದಿರದಲ್ಲಿದ್ದಾಗ ಒಂದ್ಸಲ ಅಲ್ಲಿ ರೀಲು ಹರಿದಿತ್ತು. ಆ ತುಂಡು ತೆಗೆದು, ಎರಡು ತುದಿ ಅಂಟಿಸಿ ಓಡಿಸ್ಬಿಟ್ಟೆ. ಶೋ ನಿಂತಿದ್ರೆ ಜನ ಕುರ್ಚಿ ಕಿತ್ತು ಎಸೀತಿದ್ರು."

"ನಿಮ್ಮ ಶೋ ನಿಲ್ಲಲಿಲ್ಲ, ನನ್ನ ರೇಡಿಯೋ ನಿಂತೋಯ್ತು! ತುಂಡು ಎಸೆದ್ರಾ?"

"ಎಸೆಯೋದಾ? ನಾನಾ?"

ಮಂಚದ ಕೆಳಗಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಹೊರಬಂತು. ಕತ್ತರಿಸಿದ್ದನ್ನು ಎಸೆಯಬಾರದು ಎನ್ನುವುದು ಹಳೇ ಆಪರೇಟರುಗಳ ಪಾಠ. ಕಚ್ಚಿ ಕೂತಿದ್ದ ಮುಚ್ಚಳವನ್ನು ಚಮಚದಿಂದ ಮೀಟಿ, ಅಜ್ಜ ಸುರುಳಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ರೈಲು, ಕುದುರೆ, ಯಾರದೋ ಅಳು...

"ಸಿಕ್ಕಿಬಿದ್ದ ಕಳ್ಳ!"

ಮಗಳು ಅಜ್ಜ ಕೊಟ್ಟ ಭೂತಗನ್ನಡಿಗೆ ಕಣ್ಣಿಟ್ಟಳು. ಅಂಚೆಚೀಟಿಯಷ್ಟು ಪುಟ್ಟ ಚಿತ್ರಗಳಲ್ಲಿ ಮುಚ್ಚಳ ಏಳುತ್ತದೆ, ಬೇಕರಿಯವನು ಉರುಳುತ್ತಾನೆ. ಮೈಯೆಲ್ಲ ಹಿಟ್ಟಾದ ಬೆಕ್ಕು ಹೊರಗೆ ಹಾರಿ, ಸೀನಿ, ತನಗೇನೂ ಆಗಿಲ್ಲವೆಂಬಂತೆ ಬಾಲವೆತ್ತಿ ನಡೆದುಹೋಗುತ್ತದೆ. ಅವಳು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ನೋಡಿದಳು. ಒಂದು ನಗು ಮೂಗಿನಿಂದ ಪುಸಕ್ಕನೆ ಹಾರಿತು. ತಾಯಿ ಮೂರು ದಿನ ಬಿಗಿಹಿಡಿದಿದ್ದ ಉಸಿರು ಬಿಟ್ಟು, ಮುಂಗೈಯಿಂದ ಕಣ್ಣೊರೆಸಿಕೊಂಡಳು.

ಮಗಳು ಕನ್ನಡಿ ಕೆಳಗಿಟ್ಟಳು. ಡಬ್ಬಿಯನ್ನು ನೋಡಿದಳು, ತುಕ್ಕಿನ ಮುಚ್ಚಳವನ್ನು ನೋಡಿದಳು, ಸೊಂಟದ ಮೇಲೆ ಕೈಯಿಟ್ಟು ಅಜ್ಜನತ್ತ ತಿರುಗಿದಳು.

"ಅಜ್ಜಾ, ಹಾಗಾದ್ರೆ ಬೆಕ್ಕನ್ನ ಇಷ್ಟು ದಿನ ಮುಚ್ಚಿಟ್ಟಿದ್ದು ನೀನೇನಾ?"